ಪ್ರವಾದಿಗಳನ್ನು ದಿನವೂ ಓದುವಾಗ ನಾವು ಯಾರ ಪಕ್ಕ ನಿಂತಿರುತ್ತೇವೆ?

ಪ್ರಶ್ನೆ: ದಿನಾ ಬೆಳಗ್ಗೆ ಅರ್ಧ ಗಂಟೆ ಸತ್ಯವೇದ ಓದಿ ಪ್ರಾರ್ಥನೆ ಮಾಡುವ ಅಭ್ಯಾಸ ನನಗಿದೆ. ಕೀರ್ತನೆಗಳು, ಸುವಾರ್ತೆಗಳು ಚೆನ್ನಾಗಿ ಸಾಗಿದವು. ಈಗ ಯೆಶಾಯ ಹಿಡಿದಿದ್ದೇನೆ. ಮೊದಲ ಹನ್ನೆರಡು ಅಧ್ಯಾಯ ಹೇಗೋ ಆಯಿತು. ಆಮೇಲೆ ಬಾಬೆಲ್, ಮೋವಾಬ್, ದಮಸ್ಕ ಅಂತ ಒಂದೊಂದು ದೇಶಕ್ಕೂ ದಂಡನೆಯ ಮಾತು. ಓದಿ ಮುಗಿಸಿದ ಮೇಲೆ ಪ್ರಾರ್ಥನೆಗೆ ಮನಸ್ಸೇ ಬರುವುದಿಲ್ಲ. ವಾಗ್ದಾನದ ವಚನಗಳನ್ನು ಮಾತ್ರ ಆರಿಸಿ ಓದಿದರೆ ಸಾಕೇ? ಅವು ನನಗೇ ಹೇಳಿದ್ದು ಅಂತ ತೆಗೆದುಕೊಳ್ಳಬಹುದೇ? ಪ್ರತಿ ಅಧ್ಯಾಯದಲ್ಲೂ ಯೇಸುವನ್ನು ಹುಡುಕಬೇಕೇ?

ಉತ್ತರ: ನೀವು ನಿಂತ ಜಾಗದಲ್ಲೇ ತುಂಬಾ ಜನ ನಿಲ್ಲುತ್ತಾರೆ. ಯೆಶಾಯ 13ರಿಂದ 23ರವರೆಗೆ ಬಹುಪಾಲು ಸುತ್ತಲಿನ ದೇಶಗಳ ಮೇಲಿನ ದೈವೋಕ್ತಿಗಳೇ. ಆ ದೇಶಗಳು ಎಲ್ಲಿದ್ದವು, ಅವಕ್ಕೂ ಯೆಹೂದಕ್ಕೂ ಏನು ಸಂಬಂಧ ಅಂತ ಗೊತ್ತಿಲ್ಲದೆ ಓದಿದರೆ ಯಾರಿಗಾದರೂ ಕಷ್ಟವೇ. ನಿಮ್ಮ ಭಕ್ತಿ ಕಡಿಮೆಯಾಗಿದೆ ಅಂತ ದಯವಿಟ್ಟು ಅಂದುಕೊಳ್ಳಬೇಡಿ.

ಮೊದಲ ಪ್ರಶ್ನೆಗೆ ನೇರ ಉತ್ತರ: ವಾಗ್ದಾನದ ವಚನಗಳನ್ನಷ್ಟೇ ಆರಿಸಿ ಓದಿದರೆ ಸಾಲದು. ಹಾಗೆ ಓದಿದಾಗ ದಂಡನೆಯ ಮಾತು ಕೈಬಿಡುತ್ತದೆ ಎಂಬುದು ಒಂದು ನಷ್ಟ. ಅದಕ್ಕಿಂತ ದೊಡ್ಡ ನಷ್ಟ ಏನೆಂದರೆ, ವಾಗ್ದಾನವೂ ತನ್ನ ಅರ್ಧ ತೂಕ ಕಳೆದುಕೊಳ್ಳುತ್ತದೆ. ಇದನ್ನು ಒಂದೇ ಒಂದು ವಚನ ಇಟ್ಟುಕೊಂಡು ತೋರಿಸುತ್ತೇನೆ. ನಿಮಗೂ ಅದು ಬಾಯಿಪಾಠ ಇರಬಹುದು. ಯೆರೆಮೀಯ 29:11. ನಿಮ್ಮ ವಿಷಯದಲ್ಲಿ ನನಗಿರುವ ಆಲೋಚನೆ ಕೇಡಿನದಲ್ಲ, ಒಳ್ಳೆಯದು, ನಿಮಗೆ ಮುಂದೊಂದು ನಿರೀಕ್ಷೆ ಇದೆ ಎಂದು ದೇವರು ಹೇಳುವ ಮಾತು. ಗೋಡೆಗೆ ತೂಗುಹಾಕುವ ಫಲಕಗಳಲ್ಲಿ, ಹುಟ್ಟುಹಬ್ಬದ ಕಾರ್ಡುಗಳಲ್ಲಿ ಜಾಸ್ತಿ ಕಾಣುವ ವಚನ ಇದು.

ಈಗ ಒಂದು ಅಧ್ಯಾಯ ಹಿಂದೆ ಹೋಗಿ. ಕ್ರಿ.ಪೂ. 597ರಲ್ಲಿ ಬಾಬೆಲಿನ ಅರಸ ನೆಬೂಕದ್ನೆಚ್ಚರ ಯೆರೂಸಲೇಮಿನ ಎಳೆಯ ಅರಸನನ್ನೂ ಸಾವಿರಾರು ಜನರನ್ನೂ ಸೆರೆ ಒಯ್ದಿದ್ದಾನೆ. ದೇವಾಲಯದ ಪಾತ್ರೆಗಳೂ ಹೋಗಿವೆ. ಊರು ಇನ್ನೂ ನಿಂತಿದೆ, ಜನ ಹೆದರಿದ್ದಾರೆ. ಯೆರೆಮೀಯ ಕೊರಳಿಗೆ ಮರದ ನೊಗ ಹಾಕಿಕೊಂಡು ಓಡಾಡುತ್ತಿದ್ದಾನೆ: ಬಾಬೆಲಿಗೆ ತಲೆಬಾಗಿ, ಇದು ಬೇಗ ಮುಗಿಯುವುದಿಲ್ಲ ಅಂತ. ಆಗ ಗಿಬ್ಯೋನಿನ ಹನನ್ಯ ಎಂಬ ಪ್ರವಾದಿ ದೇವಾಲಯದಲ್ಲಿ, ಯಾಜಕರ ಎದುರು, ಎಲ್ಲ ಜನರ ಎದುರು ಎದ್ದು ನಿಲ್ಲುತ್ತಾನೆ. ಎರಡೇ ವರ್ಷದೊಳಗೆ ಪಾತ್ರೆಗಳು ವಾಪಸ್, ಅರಸ ವಾಪಸ್, ಸೆರೆ ಹೋದವರೆಲ್ಲ ವಾಪಸ್ ಎನ್ನುತ್ತಾನೆ. ಅದನ್ನೂ ಅವನು ಯೆಹೋವನ ಹೆಸರಲ್ಲೇ ಹೇಳುತ್ತಾನೆ.

ಯೆರೆಮೀಯ ಏನು ಮಾಡಿದ ಗೊತ್ತಾ? ಆಮೆನ್ ಅಂದ. ಹಾಗೇ ಆಗಲಿ, ನಿನ್ನ ಮಾತನ್ನು ಯೆಹೋವನು ನೆರವೇರಿಸಲಿ ಅಂದ. ಅವನಿಗೂ ಅದೇ ಬೇಕಿತ್ತು. ಆದರೆ ಸಮಾಧಾನ ಸಾರುವ ಪ್ರವಾದಿಯನ್ನು ಅವನ ಮಾತು ನಡೆದ ಮೇಲೆಯೇ ನಂಬಬೇಕು ಅಂತ ಒಂದು ಮಾತು ಸೇರಿಸಿದ. ಹನನ್ಯ ಅವನ ಕೊರಳಿನ ನೊಗ ಕಿತ್ತು ಮುರಿದು ಹಾಕಿದ. ಆಮೇಲಿನ ಸಾಲು ಬಹಳ ಚಿಕ್ಕದು: ಯೆರೆಮೀಯ ತನ್ನ ದಾರಿ ಹಿಡಿದು ಹೊರಟುಹೋದ. ವಾದ ಮಾಡಲಿಲ್ಲ. ಆ ಹೊತ್ತಿಗೆ ಅವನಿಗೆ ಬೇರೆ ವಾಕ್ಯ ಬಂದಿರಲಿಲ್ಲ, ಅದಕ್ಕೆ ಸುಮ್ನೆ ಹೋದ. ಆ ಸಾಲಿನ ಹತ್ತಿರ ಒಂದು ಬೆಳಗ್ಗೆ ಪೂರ್ತಿ ಕೂರಬಹುದು. ಬಯಸಿದ್ದು ಒಂದು, ದೇವರಿಂದ ಕೇಳಿದ್ದು ಇನ್ನೊಂದು. ಎರಡನ್ನೂ ಬಚ್ಚಿಡದೆ ಹೊತ್ತುಕೊಂಡು ಮನೆಗೆ ನಡೆಯುವ ಮನುಷ್ಯ ಅವನು.

ಇದರ ಬೆನ್ನಿಗೇ 29ನೇ ಅಧ್ಯಾಯ. ಅದು ಒಂದು ಕಾಗದ. ಸೆರೆ ಹೋಗಿ ಬಾಬೆಲಿನಲ್ಲಿರುವವರಿಗೆ ಯೆರೆಮೀಯ ಬರೆದು ಕಳಿಸಿದ್ದು. ಮನೆ ಕಟ್ಟಿಕೊಳ್ಳಿ, ತೋಟ ಮಾಡಿ ಅದರ ಫಲ ಉಣ್ಣಿ, ಮದುವೆಯಾಗಿ, ಮಕ್ಕಳಿಗೂ ಮದುವೆ ಮಾಡಿ. ನೀವು ಸೆರೆಯಾಗಿ ಹೋಗಿರುವ ಆ ಪಟ್ಟಣದ ಕ್ಷೇಮಕ್ಕಾಗಿ ಪ್ರಾರ್ಥಿಸಿ. ನಿಮ್ಮ ನಡುವಿನ ಪ್ರವಾದಿಗಳ ಮಾತಿಗೆ ಮೋಸಹೋಗಬೇಡಿ. ಬಾಬೆಲಿಗೆ ಎಪ್ಪತ್ತು ವರ್ಷ ತುಂಬಿದ ಮೇಲೆ ನಾನು ನಿಮ್ಮನ್ನು ತಿರುಗಿ ಕರೆತರುತ್ತೇನೆ. ಇದಾದ ಮೇಲೆ ನಮಗೆಲ್ಲ ಗೊತ್ತಿರುವ ಆ ಹನ್ನೊಂದನೇ ವಚನ.

ಲೆಕ್ಕ ಹಾಕಿ ನೋಡಿ. ಆ ಕಾಗದ ಕೈಗೆ ಬಂದಾಗ ನಲವತ್ತು ವರ್ಷದವನಾಗಿದ್ದವನು ಬಿಡುಗಡೆಯ ದಿನ ನೋಡುವುದಿಲ್ಲ. ನಿರೀಕ್ಷೆ ಇದೆ, ಆದರೆ ಅವನ ಮೊಮ್ಮಕ್ಕಳಿಗೆ. ಅವನ ಪಾಲಿಗೆ ಬಂದದ್ದು ವೈರಿಯ ಊರಲ್ಲಿ ಗಿಡ ನೆಡುವ ಕೆಲಸ, ವೈರಿಯ ಊರಿಗಾಗಿ ಪ್ರಾರ್ಥನೆ. ಈಗ ಆ ವಚನವನ್ನು ಮತ್ತೆ ಓದಿ. ಗೋಡೆಯ ಫಲಕದಲ್ಲಿ ಅದು ಹನನ್ಯನ ಮಾತಿನ ಹಾಗೆ ಕೇಳಿಸುತ್ತದೆ, ಅಲ್ವಾ? ಕಾಗದದೊಳಗೆ ಇಟ್ಟು ಓದಿದಾಗ ಮಾತ್ರ ಅದು ಯೆರೆಮೀಯನದು. ಎರಡು ವರ್ಷದಲ್ಲಿ ಎಲ್ಲ ಸರಿಹೋಗುತ್ತದೆ ಎಂದವನಿಗೂ ದೇವರು ಒಳ್ಳೆಯದನ್ನೇ ಯೋಚಿಸಿದ್ದಾರೆ ಎಂದವನಿಗೂ ಇರುವ ವ್ಯತ್ಯಾಸ ಆ ಎಪ್ಪತ್ತು ವರ್ಷದಲ್ಲಿದೆ. ಅದನ್ನು ಕತ್ತರಿಸಿ ತೆಗೆದರೆ ಇಬ್ಬರೂ ಒಂದೇ ಆಗಿಬಿಡುತ್ತಾರೆ.

ಹಾಗಾದರೆ ಆ ವಚನ ನಿಮಗಲ್ಲವೇ? ನಿಮಗೂ ಹೌದು. ಆದರೆ ಮೊದಲು ಅವರಿಗೆ, ಅವರ ಮೂಲಕ ನಿಮಗೆ. ಕ್ರೈಸ್ತರಾದ ನಾವು ಇಸ್ರಾಯೇಲಿನ ದೇವರನ್ನು ಕ್ರಿಸ್ತನಲ್ಲಿ ತಂದೆ ಎಂದು ಕರೆಯುತ್ತೇವೆ. ಅದೇ ದೇವರ ಮನಸ್ಸು ಆ ಕಾಗದದಲ್ಲಿದೆ. ಕಾಯಿಲೆಯ ಹಾಸಿಗೆಯ ಪಕ್ಕ ಕೂತು ಅದನ್ನು ಹಿಡಿದುಕೊಳ್ಳುವವರಿಗೆ ಬೇಡ ಎನ್ನಲು ನನಗೆ ಬಾಯಿ ಬರುವುದಿಲ್ಲ. ಅವರಿಗೆ ನಾನು ಹೇಳುವುದು ಇಷ್ಟೇ: ಹತ್ತನೇ ವಚನವನ್ನೂ ಜೊತೆಗೇ ಹಿಡಿದುಕೊಳ್ಳಿ. ಕೆಲಸ ಈ ತಿಂಗಳು ಸಿಗದಿದ್ದರೂ, ಕಾಯಿಲೆ ವಾಸಿಯಾಗದಿದ್ದರೂ ಆಗ ಆ ವಚನ ನಿಮ್ಮನ್ನು ಕೈಬಿಡುವುದಿಲ್ಲ. ಹತ್ತನೇ ವಚನವಿಲ್ಲದೆ ಹಿಡಿದುಕೊಂಡವರಲ್ಲಿ ಕೆಲವರು, ಹೇಳಿದ್ದು ನಡೆಯಲಿಲ್ಲವೆಂದು ದೇವರ ಮೇಲೇ ನಂಬಿಕೆ ಕಳೆದುಕೊಂಡದ್ದನ್ನು ನೋಡಿದ್ದೇನೆ. ಅದು ತುಂಬಾ ನೋವಿನ ವಿಷಯ.

ಇನ್ನು ದಂಡನೆಯ ಅಧ್ಯಾಯಗಳು. ಇಲ್ಲಿ ನನ್ನ ಸಲಹೆ ಒಂದೇ: ಓದಲು ಕೂತಾಗ ನೀವು ಯಾರ ಪಕ್ಕ ನಿಂತಿದ್ದೀರಿ ಅಂತ ಕೇಳಿಕೊಳ್ಳಿ. ಗೊತ್ತಿಲ್ಲದ ಹಾಗೇ ನಾವು ಪ್ರವಾದಿಯ ಪಕ್ಕ ಹೋಗಿ ನಿಂತುಬಿಡುತ್ತೇವೆ. ಅವನ ಬೆರಳು ಎತ್ತ ತೋರಿಸುತ್ತದೋ ಅತ್ತ ನಾವೂ ನೋಡುತ್ತೇವೆ. ಅಲ್ಲಿಂದ ಕೇಳಿದರೆ ದಂಡನೆಯ ಮಾತು ಒಂದೋ ಬೇಸರ ತರುತ್ತದೆ, ಇಲ್ಲವೇ ಖುಷಿ ಕೊಡುತ್ತದೆ. ಆ ಖುಷಿ ಬೇಸರಕ್ಕಿಂತ ಅಪಾಯ. ಜನರ ಗುಂಪಿನ ಒಳಗೆ ಹೋಗಿ ನಿಂತು, ಪ್ರವಾದಿಯ ಮುಖ ನೋಡುತ್ತಾ ಕೇಳಿ.

ಆಮೋಸನನ್ನು ಹೀಗೆ ಓದಿ ನೋಡಿ. ಅವನು ದಕ್ಷಿಣದ ಯೆಹೂದದವನು, ತೆಕೋವದ ಕುರಿಗಾರ, ಅತ್ತಿಮರ ನೋಡಿಕೊಳ್ಳುತ್ತಿದ್ದವನು. ಎರಡನೆಯ ಯಾರೊಬ್ಬಾಮನ ಕಾಲ, ಅಂದರೆ ಕ್ರಿ.ಪೂ. ಎಂಟನೇ ಶತಮಾನ. ಉತ್ತರದ ಇಸ್ರಾಯೇಲಿನಲ್ಲಿ ದುಡ್ಡು ಓಡಾಡುತ್ತಿದ್ದ ದಿನಗಳು. ಅವನು ಬೇತೇಲಿಗೆ, ಅರಸನ ಪೂಜಾಸ್ಥಾನಕ್ಕೇ ಹೋಗಿ ಮಾತಾಡಿದವನು. ಪುಸ್ತಕ ತೆರೆದರೆ ಮೊದಲು ದಮಸ್ಕದ ಪಾಪ. ಆಮೇಲೆ ಗಾಜಾ, ತೂರ್, ಎದೋಮ್, ಅಮ್ಮೋನ್, ಮೋವಾಬ್. ಇವರೆಲ್ಲ ನೆರೆಹೊರೆಯ ವೈರಿಗಳು. ಒಂದೊಂದು ಹೆಸರು ಬಂದಾಗಲೂ ಕೇಳುವವರು ಸರಿಯಾಗಿ ಹೇಳಿದ ಎಂದು ತಲೆಯಾಡಿಸಿರಬೇಕು. ಮೋವಾಬಿನ ಮೇಲಿನ ಆರೋಪ ವಿಚಿತ್ರವಾಗಿದೆ. ಎದೋಮಿನ ಅರಸನ ಎಲುಬುಗಳನ್ನು ಸುಟ್ಟು ಸುಣ್ಣ ಮಾಡಿದ್ದು ಅವರ ಅಪರಾಧ. ಅದರಿಂದ ಇಸ್ರಾಯೇಲಿಗೆ ಏನೂ ನಷ್ಟವಿಲ್ಲ. ಆದರೂ ದೇವರು ಕೇಳುತ್ತಾರೆ. ಒಬ್ಬ ಅನ್ಯ ಇನ್ನೊಬ್ಬ ಅನ್ಯನ ಹೆಣಕ್ಕೆ ಮಾಡಿದ ಅವಮಾನವೂ ಅವರ ಲೆಕ್ಕದಲ್ಲಿದೆ.

ಏಳನೆಯದು ಯೆಹೂದ, ಆಮೋಸನ ಸ್ವಂತ ನಾಡು. ಇನ್ನು ಮುಗಿಯಿತು ಎನ್ನುವಷ್ಟರಲ್ಲಿ ಎಂಟನೆಯದು ಬರುತ್ತದೆ: ಇಸ್ರಾಯೇಲ್. ಅಂದರೆ ಎದುರು ನಿಂತು ಕೇಳುತ್ತಿರುವವರೇ. ಅವರ ಮೇಲಿನ ಆರೋಪಗಳಲ್ಲಿ ಯುದ್ಧವಿಲ್ಲ, ಎಲುಬು ಸುಟ್ಟದ್ದಿಲ್ಲ. ಒಂದು ಜೊತೆ ಕೆರದ ಬೆಲೆಗೆ ಬಡವನನ್ನು ಮಾರಿದ್ದು. ಅಡವಿಟ್ಟ ಬಟ್ಟೆಗಳ ಮೇಲೆ ಬಲಿಪೀಠದ ಪಕ್ಕದಲ್ಲೇ ಒರಗಿಕೊಂಡದ್ದು. ಈ ಬಟ್ಟೆಯ ವಿಷಯ ಸ್ವಲ್ಪ ನಿಂತು ನೋಡಬೇಕು. ಬಡವನ ಹೊದಿಕೆಯನ್ನು ಅಡವು ಇಟ್ಟುಕೊಂಡರೆ ಹೊತ್ತು ಮುಳುಗುವುದರೊಳಗೆ ವಾಪಸ್ ಕೊಡಬೇಕು, ರಾತ್ರಿ ಹೊದೆಯಲು ಅವನಿಗೆ ಅದೊಂದೇ ಇದೆ ಎಂದು ವಿಮೋಚನಕಾಂಡ 22ರಲ್ಲಿ ನಿಯಮವಿದೆ. ಇಲ್ಲಿ ಅದೇ ಬಟ್ಟೆ ದೇವರ ಮನೆಯಲ್ಲಿ ಹಾಸಿಗೆಯಾಗಿದೆ. ಅದರ ಮೇಲೆ ಒರಗಿದವನು ಆರಾಧನೆಗೆ ಬಂದವನು. ಆ ಬಟ್ಟೆ ಅಡವಿಟ್ಟವನು ಎಲ್ಲೋ ಚಳಿಯಲ್ಲಿದ್ದಾನೆ.

ಬೆಳಗಿನ ಧ್ಯಾನಕ್ಕೆ ಇದಕ್ಕಿಂತ ಹತ್ತಿರದ ಭಾಗ ಯಾವುದಿದೆ? ಪ್ರಾರ್ಥನೆಗೆ ಕೂತ ನನ್ನ ಕೆಳಗೆ ಯಾರ ಬಟ್ಟೆ ಇದೆ ಅಂತ ಕೇಳಿಕೊಳ್ಳಬಹುದು. ಯಾರಿಗೆ ಕೊಡಬೇಕಾದ್ದು ನನ್ನ ಹತ್ತಿರ ಉಳಿದಿದೆ? ದಂಡನೆಯ ಅಧ್ಯಾಯ ಓದಿದಾಗ ಪ್ರಾರ್ಥನೆಗೆ ಮನಸ್ಸು ಬರುವುದಿಲ್ಲ ಎಂದಿರಿ. ಹೀಗೆ ಓದಿದ ದಿನ ಪ್ರಾರ್ಥನೆ ತಾನಾಗಿ ಬರುತ್ತದೆ. ಸ್ತೋತ್ರದ ಪ್ರಾರ್ಥನೆ ಬಾರದೆ ಇರಬಹುದು, ಅರಿಕೆಯ ಪ್ರಾರ್ಥನೆ ಬರುತ್ತದೆ. ಅದೇ ಪುಸ್ತಕದ ಎಂಟನೇ ಅಧ್ಯಾಯದಲ್ಲಿ ವಿಶ್ರಾಂತಿಯ ದಿನವಾದ ಸಬ್ಬತ್ತು ಯಾವಾಗ ಮುಗಿಯುತ್ತದೋ, ಅಂಗಡಿ ಯಾವಾಗ ತೆರೆಯುತ್ತೇವೋ ಅಂತ ಒಳಗೊಳಗೇ ಚಡಪಡಿಸುವ ವ್ಯಾಪಾರಿಗಳಿದ್ದಾರೆ. ಅಳತೆ ಕಿರಿದು ಮಾಡಿ, ತೂಕದ ಕಲ್ಲು ಹಿರಿದು ಮಾಡಿ, ಗೋದಿಯ ಕಸವನ್ನೂ ಮಾರುವವರು. ಅವರು ಸಬ್ಬತ್ತು ಮುರಿದವರಲ್ಲ. ಆಚರಿಸಿದವರೇ.

ನೀವು ನಿಂತಿರುವ ಯೆಶಾಯನ ಭಾಗದಲ್ಲೂ ಹೀಗೇ ಇದೆ. ದೇಶಗಳ ಪಟ್ಟಿಯ ನಡುವೆ 22ನೇ ಅಧ್ಯಾಯ ಯೆರೂಸಲೇಮಿನ ಮೇಲೇ ಬರುತ್ತದೆ. ವೈರಿ ಬರುತ್ತಿದ್ದಾನೆಂದು ಅವರು ಮನೆಗಳನ್ನು ಎಣಿಸಿ, ಕೆಲವನ್ನು ಕೆಡವಿ ಗೋಡೆ ಭದ್ರ ಮಾಡಿದರು. ಎರಡು ಗೋಡೆಗಳ ನಡುವೆ ನೀರು ಕೂಡಿಟ್ಟರು. ಎಲ್ಲ ಮಾಡಿದರು, ಇದನ್ನೆಲ್ಲ ಮಾಡಿದಾತನ ಕಡೆ ಮಾತ್ರ ನೋಡಲಿಲ್ಲ. ಮೋವಾಬಿನ ಅಧ್ಯಾಯಗಳಲ್ಲೂ ಒಂದು ವಿಷಯ ಗಮನಿಸಿ. 15 ಮತ್ತು 16ರಲ್ಲಿ ಮೋವಾಬಿನ ಪತನ ಹೇಳುವಾಗಲೇ ಅದಕ್ಕಾಗಿ ಹೃದಯ ಮೊರೆಯಿಡುತ್ತದೆ, ಕಣ್ಣೀರು ಸುರಿಯುತ್ತದೆ. ವೈರಿ ಬಿದ್ದ ಸುದ್ದಿಯನ್ನು ಅಳುತ್ತಾ ಹೇಳುವ ಅಧ್ಯಾಯಗಳು ಅವು.

ಒಂದು ಎಚ್ಚರಿಕೆ ಇಲ್ಲೇ ಹೇಳಬೇಕು. ಪ್ರವಾದಿಗಳು ತಮ್ಮ ಜನರನ್ನು ತಾವೇ ಗದರಿದ ಮಾತುಗಳನ್ನು ಎತ್ತಿಕೊಂಡು, ನೋಡಿ ಯೆಹೂದ್ಯರು ಎಂಥವರು ಎಂದು ತೋರಿಸುವ ಕೆಟ್ಟ ಅಭ್ಯಾಸ ಕ್ರೈಸ್ತರಲ್ಲಿ ಶತಮಾನಗಳಿಂದ ಇದೆ. ಅದರ ಫಲ ಘೋರವಾಗಿತ್ತು. ತಮ್ಮ ಮೇಲೆ ಹೊರಿಸಿದ ಇಷ್ಟು ಆರೋಪಗಳನ್ನು ಪವಿತ್ರ ಗ್ರಂಥವಾಗಿ ಕಾಪಾಡಿ, ಪ್ರತಿ ಸಾಲು ನಕಲು ಮಾಡಿ, ಸಭಾಮಂದಿರದಲ್ಲಿ ಗಟ್ಟಿಯಾಗಿ ಓದುತ್ತಾ ಬಂದ ಜನ ಅವರು. ಆ ಪ್ರಾಮಾಣಿಕತೆಯಿಂದ ನಾವು ಕಲಿಯಬೇಕು. ನಮ್ಮ ಸಭೆಯನ್ನು ಹೀಗೆ ಗದರಿದ ಮಾತುಗಳನ್ನು ನಾವು ಎಷ್ಟು ಜೋಪಾನ ಮಾಡಿದ್ದೇವೆ?

ಈಗ ಓದುವ ರೀತಿಗೆ ಬರೋಣ. ಧ್ಯಾನದ ಓದಿಗೆ ಹಳೆಯ ಒಂದು ಕ್ರಮವಿದೆ: ಓದು, ಮನನ, ಪ್ರಾರ್ಥನೆ, ಆಮೇಲೆ ದೇವರ ಸನ್ನಿಧಿಯಲ್ಲಿ ಸುಮ್ಮನಿರುವುದು. 12ನೇ ಶತಮಾನದ ಸನ್ಯಾಸಿ ಎರಡನೆಯ ಗೀಗೋ ಇದನ್ನು ಏಣಿಯ ನಾಲ್ಕು ಮೆಟ್ಟಿಲು ಎಂದು ವಿವರಿಸಿದ. ಕೀರ್ತನೆಗಳಿಗೆ ಇದು ನೇರವಾಗಿ ಹೊಂದುತ್ತದೆ. ಪ್ರವಾದಿಗಳಿಗೆ ಕೆಳಗೆ ಇನ್ನೊಂದು ಮೆಟ್ಟಿಲು ಬೇಕು: ಈ ಮಾತು ಯಾವಾಗ, ಯಾರಿಗೆ? ಇದಕ್ಕೆ ದೊಡ್ಡ ವ್ಯಾಖ್ಯಾನ ಗ್ರಂಥ ಬೇಡ. ಕೆಲವು ಇಸವಿ ತಲೆಯಲ್ಲಿದ್ದರೆ ಸಾಕು. ಕ್ರಿ.ಪೂ. 722ರಲ್ಲಿ ಸಮಾರ್ಯ ಅಶ್ಶೂರದವರ ಕೈಗೆ ಬಿತ್ತು, ಉತ್ತರದ ರಾಜ್ಯ ಮುಗಿಯಿತು. 586ರಲ್ಲಿ ಯೆರೂಸಲೇಮೂ ದೇವಾಲಯವೂ ಬಾಬೆಲಿನವರಿಂದ ಸುಟ್ಟುಹೋದವು. 539ರಲ್ಲಿ ಪಾರಸಿಯ ಕೋರೆಷ ಬಾಬೆಲನ್ನು ಹಿಡಿದ, ಸೆರೆಯವರಿಗೆ ಮನೆಗೆ ಹೋಗಲು ದಾರಿ ತೆರೆಯಿತು. ಆಮೋಸ, ಹೋಶೇಯ, ಮೀಕ, ಯೆಶಾಯ ಇವರೆಲ್ಲ ಮೊದಲ ಬಿರುಗಾಳಿಯ ಆಸುಪಾಸಿನವರು. ಯೆರೆಮೀಯ, ಹಬಕ್ಕೂಕ, ಯೆಹೆಜ್ಕೇಲ ಎರಡನೆಯದರವರು. ಹಗ್ಗಾಯ, ಜೆಕರ್ಯ ಇಬ್ಬರೂ 520ರಲ್ಲಿ, ಹಿಂದಿರುಗಿ ಬಂದು ಬಡತನದಲ್ಲಿ ದೇವಾಲಯ ಕಟ್ಟುತ್ತಿದ್ದವರ ನಡುವೆ ಮಾತಾಡಿದವರು. ಯೆಶಾಯದ 40ನೇ ಅಧ್ಯಾಯದಿಂದ ಮುಂದಕ್ಕೆ ದನಿ ಬದಲಾಗುತ್ತದೆ, ಅಲ್ಲಿ ಕೇಳುವವರು ಬಾಬೆಲಿನ ಸೆರೆಯಲ್ಲಿರುವವರು. ಆ ಭಾಗವನ್ನು ಬರೆದ ಕೈ ಒಂದೋ ಹಲವೋ ಎಂಬ ಚರ್ಚೆ ವಿದ್ವಾಂಸರಲ್ಲಿದೆ. ಯಾವ ಪಕ್ಷ ಹಿಡಿದರೂ ಬೆಳಗಿನ ಓದಿಗೆ ತೊಂದರೆಯಿಲ್ಲ. ಮನೆ ಸುಟ್ಟುಹೋದವರ ಕಿವಿಯಿಂದ ಅದನ್ನು ಕೇಳಿದರಾಯಿತು.

ಗಟ್ಟಿಯಾಗಿ ಓದಿ. ಇವು ಮೊದಲು ಜನರ ಮುಂದೆ ಆಡಿದ ಮಾತುಗಳು, ಬಹುಪಾಲು ಪದ್ಯ. ಕಣ್ಣಿನಲ್ಲಿ ಓಡಿಸಿದರೆ ಬರೀ ಒಂದೇ ಸಮನೆ ಬೈಗುಳದಂತೆ ಕಾಣುವ ಅಧ್ಯಾಯದಲ್ಲಿ ಬಾಯಿಬಿಟ್ಟು ಓದಿದಾಗ ಅಳು ಕೇಳಿಸುತ್ತದೆ. ಇನ್ನೊಂದು ಲಾಭವೂ ಇದೆ. ಪ್ರವಾದಿಗಳಲ್ಲಿ ಮಾತಾಡುವವರು ಹೇಳದೆ ಕೇಳದೆ ಬದಲಾಗುತ್ತಾರೆ. ಪಕ್ಕದ ಮನೆಯ ಮಾತುಕತೆ ಗೋಡೆಯಾಚೆಯಿಂದ ಕೇಳಿಸಿದ ಹಾಗೆ, ಯಾರು ಹೇಳಿದ್ದು ಅಂತ ನಾವೇ ಗುರುತು ಹಿಡಿಯಬೇಕು. ಯೆರೆಮೀಯ 8ರ ಕೊನೆಗೆ ಹೋಗಿ. ನನ್ನ ಹೃದಯ ಕುಂದಿದೆ ಎನ್ನುವವನು ಪ್ರವಾದಿ. ಯೆಹೋವನು ಚೀಯೋನಿನಲ್ಲಿ ಇಲ್ಲವೇ ಎಂದು ಕೂಗುವವರು ಜನ. ವಿಗ್ರಹಗಳಿಂದ ನನ್ನನ್ನು ಏಕೆ ಕೆಣಕಿದರು ಎನ್ನುವವರು ದೇವರು. ಸುಗ್ಗಿ ತೀರಿತು, ಹಣ್ಣಿನ ಕಾಲವೂ ಮುಗಿಯಿತು, ನಮಗೆ ಮಾತ್ರ ರಕ್ಷಣೆ ಬರಲಿಲ್ಲ ಎನ್ನುವವರು ಮತ್ತೆ ಜನ. ಆಮೇಲೆ ಗಿಲ್ಯಾದಿನಲ್ಲಿ ಔಷಧವಿಲ್ಲವೇ, ಅಲ್ಲಿ ವೈದ್ಯನಿಲ್ಲವೇ ಎಂದು ಕೇಳುವವನ ದನಿ. ಅದು ಪ್ರವಾದಿಯದೋ ದೇವರದೋ ಬೇರ್ಪಡಿಸುವುದೇ ಕಷ್ಟ. ಯೆರೆಮೀಯ ಆಳಕ್ಕೆ ಇಳಿದ ಕಡೆಗಳಲ್ಲೆಲ್ಲ ಆ ಎರಡು ದನಿ ಒಂದಾಗುತ್ತವೆ.

ಅಧ್ಯಾಯಗಳ ಲೆಕ್ಕ ಇಟ್ಟುಕೊಳ್ಳಬೇಡಿ. ಒಂದು ದೈವೋಕ್ತಿ ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೋ ಅಷ್ಟು ಓದಿ, ಎರಡು ಮೂರು ದಿನ ಅದನ್ನೇ ಓದಿ. ಮೊದಲ ದಿನ ಅರ್ಥವಾಗದೆ ಹೋದದ್ದು ಮೂರನೇ ದಿನ ತೆರೆದುಕೊಳ್ಳುವುದು ಇವುಗಳ ಸ್ವಭಾವ.

ಪ್ರಾರ್ಥನೆಯ ವಿಷಯ. ಪ್ರವಾದಿಗಳು ದೇವರ ಮಾತನ್ನು ಜನರಿಗೆ ತರುವವರು ಅಂತಷ್ಟೇ ನಾವು ಕಲಿತಿರುತ್ತೇವೆ. ಅವರು ದೇವರ ಜೊತೆ ಜಗಳವನ್ನೂ ಆಡುತ್ತಾರೆ. ಯೆರೆಮೀಯ 11ರಿಂದ 20ರವರೆಗೆ ಚದುರಿಕೊಂಡಿರುವ ಅವನ ದೂರುಗಳನ್ನು ಓದಿ. ನಿನ್ನ ಮಾತುಗಳು ದೊರೆತವು, ಅವನ್ನು ತಿಂದೆನು, ಅವೇ ನನಗೆ ಹರ್ಷ ಎನ್ನುವವನು ಅದೇ ಅಧ್ಯಾಯದಲ್ಲಿ, ನೀನು ನನಗೆ ನೀರು ಬತ್ತಿದ ಹಳ್ಳದಂತೆ ಮೋಸ ಮಾಡುವೆಯಾ ಎಂದು ಕೇಳುತ್ತಾನೆ. 20ನೇ ಅಧ್ಯಾಯದಲ್ಲಿ, ನೀನು ನನ್ನನ್ನು ಮರುಳುಗೊಳಿಸಿದೆ ಎನ್ನುತ್ತಾನೆ. ಇನ್ನು ಆತನ ಹೆಸರೆತ್ತಬಾರದು ಅಂದುಕೊಂಡರೆ ಎಲುಬುಗಳಲ್ಲಿ ಬೆಂಕಿ ಹತ್ತಿದಂತಾಗುತ್ತದೆ, ತಡೆದುಕೊಳ್ಳಲು ಆಗುವುದಿಲ್ಲ. ಹುಟ್ಟಿದ ದಿನವನ್ನೇ ಶಪಿಸುತ್ತಾನೆ. ಇದೆಲ್ಲ ದೇವರ ವಾಕ್ಯದಲ್ಲೇ ಇದೆ. ದುಃಖದಲ್ಲಿರುವವರಿಗೆ ನಮ್ಮ ಸಭೆಗಳಲ್ಲಿ ಸ್ತೋತ್ರ ಮಾಡಿ ಅಂತ ಬೇಗ ಹೇಳಿಬಿಡುತ್ತಾರೆ. ಅವರ ಕೈಗೆ ಈ ಅಧ್ಯಾಯಗಳನ್ನು ಕೊಟ್ಟರೆ ಎಷ್ಟೋ ಉಪಕಾರ.

32ನೇ ಅಧ್ಯಾಯ ಇದಕ್ಕೆ ಸೇರಿದ್ದು. ಊರಿಗೆ ಬಾಬೆಲಿನ ಸೈನ್ಯ ಮುತ್ತಿಗೆ ಹಾಕಿದೆ, ಯೆರೆಮೀಯ ಕಾವಲಿನಲ್ಲಿದ್ದಾನೆ. ಚಿಕ್ಕಪ್ಪನ ಮಗ ಹನಮೇಲ ಬಂದು, ಅನಾತೋತಿನ ಹೊಲ ಕೊಂಡುಕೋ ಎನ್ನುತ್ತಾನೆ. ನಾಳೆ ವೈರಿಯ ಪಾಲಾಗುವ ಹೊಲ. ಯೆರೆಮೀಯ 17 ಶೆಕೆಲ್ ಬೆಳ್ಳಿ ತೂಗಿ ಕೊಡುತ್ತಾನೆ. ಪತ್ರ ಬರೆಸಿ, ಸಾಕ್ಷಿ ಹಾಕಿಸಿ, ಮುದ್ರೆ ಒತ್ತಿದ ಪ್ರತಿ ಒಂದು, ತೆರೆದ ಪ್ರತಿ ಒಂದು, ಎರಡನ್ನೂ ಮಣ್ಣಿನ ಮಡಕೆಯಲ್ಲಿ ಬಹುಕಾಲ ಉಳಿಯುವಂತೆ ಇಡಲು ತನ್ನ ಬರಹಗಾರ ಬಾರೂಕನಿಗೆ ಹೇಳುತ್ತಾನೆ. ಎಲ್ಲ ಆದ ಮೇಲೆ ಪ್ರಾರ್ಥನೆ ಮಾಡುತ್ತಾನೆ. ಆ ಪ್ರಾರ್ಥನೆ ದೇವರ ಮಹಿಮೆಯಿಂದ ಶುರುವಾಗಿ, ಊರು ವೈರಿಯ ಕೈಗೆ ಹೋಗುತ್ತಿದೆ, ನೀನೋ ಹೊಲ ಕೊಂಡುಕೋ ಎಂದೆಯಲ್ಲಾ ಎಂಬಲ್ಲಿಗೆ ಬಂದು ನಿಲ್ಲುತ್ತದೆ. ಮೊದಲು ವಿಧೇಯತೆ, ಆಮೇಲೆ ಪ್ರಶ್ನೆ. ದೇವರು ಸಿಟ್ಟಾಗಲಿಲ್ಲ, ಉತ್ತರ ಕೊಟ್ಟರು.

ಯೇಸುವನ್ನು ಪ್ರತಿ ಅಧ್ಯಾಯದಲ್ಲೂ ಹುಡುಕಬೇಕೇ ಎಂದಿರಿ. ಹುಡುಕುವ ಆತುರ ಬೇಡ. ಹೋಶೇಯ 11 ನೋಡಿ. ಇಸ್ರಾಯೇಲ್ ಮಗುವಾಗಿದ್ದಾಗ ಅವನನ್ನು ಪ್ರೀತಿಸಿದೆನು, ನನ್ನ ಮಗನನ್ನು ಐಗುಪ್ತದಿಂದ ಕರೆದೆನು ಎಂದು ದೇವರು ಹೇಳುತ್ತಾರೆ. ಮತ್ತಾಯ ಎರಡನೇ ಅಧ್ಯಾಯದಲ್ಲಿ ಈ ಮಾತನ್ನು ಎಳೆಯ ಯೇಸುವಿಗೆ ಅನ್ವಯಿಸುತ್ತಾನೆ. ನಾವು ಮತ್ತಾಯನ ವಚನ ನೆನಪಾದ ಕೂಡಲೇ ಗುರುತು ಸಿಕ್ಕಿತು ಎಂದು ಮುಂದೆ ಹೋಗಿಬಿಡುತ್ತೇವೆ. ಆಗ ಆ ಅಧ್ಯಾಯದ ಉಳಿದ ಭಾಗ ಯಾರು ಕೇಳಬೇಕು? ಎಫ್ರಾಯೀಮನಿಗೆ, ಅಂದರೆ ಇಸ್ರಾಯೇಲಿಗೆ, ನಡೆಯಲು ಕಲಿಸಿದ್ದು, ತೋಳು ಹಿಡಿದದ್ದು, ಬಗ್ಗಿ ಉಣಿಸಿದ್ದು. ಅದೇ ಮಗ ಕರೆದಷ್ಟೂ ದೂರ ಹೋದದ್ದು. ಶಿಕ್ಷೆ ಬಾಯಿಗೆ ಬಂದ ಹೊತ್ತಿಗೆ ದೇವರ ಒಳಗೇ ಹೃದಯ ತಿರುಗಿಬಿದ್ದು, ಎಫ್ರಾಯೀಮೇ, ನಿನ್ನನ್ನು ಹೇಗೆ ಬಿಟ್ಟುಬಿಡಲಿ ಎಂದದ್ದು. ಇದನ್ನು ಇಸ್ರಾಯೇಲಿನ ಕಥೆಯಾಗಿ ಪೂರ್ತಿ ಕೇಳಿ, ಆಮೇಲೆ ಮತ್ತಾಯಕ್ಕೆ ಹೋಗಿ. ಆ ಮಗ ತಪ್ಪಿದ ದಾರಿಯಲ್ಲಿ ಈ ಮಗ ಮತ್ತೆ ನಡೆಯುತ್ತಿದ್ದಾನೆ ಎಂಬುದು ಆಗ ಕಾಣುತ್ತದೆ.

ಯೆಶಾಯದಲ್ಲಿ ದೇವರ ಸೇವಕನೊಬ್ಬನ ಬಗ್ಗೆ ಇರುವ ಹಾಡುಗಳಿಗೂ ಇದೇ ಮಾತು. 49ನೇ ಅಧ್ಯಾಯದಲ್ಲಿ ಆ ಸೇವಕನನ್ನು ಇಸ್ರಾಯೇಲೇ ಎಂದು ಕರೆದಿದೆ. ಯೆಹೂದ್ಯ ಓದುಗರಲ್ಲಿ ಹೆಚ್ಚಿನವರು 53ನೇ ಅಧ್ಯಾಯವನ್ನೂ ನೋವುಂಡ ತಮ್ಮ ಜನಾಂಗದ ಚಿತ್ರವಾಗಿ ಓದುತ್ತಾರೆ. ನಾವು ಅಲ್ಲಿ ಶಿಲುಬೆಯನ್ನು ಕಾಣುತ್ತೇವೆ. ರಥದಲ್ಲಿ ಕೂತು ಅದೇ ಭಾಗವನ್ನು ಓದುತ್ತಿದ್ದ ಐಥಿಯೋಪ್ಯದ ಕಂಚುಕಿಗೆ ಫಿಲಿಪ್ಪನು ಅಲ್ಲಿಂದಲೇ ಯೇಸುವಿನ ಸುವಾರ್ತೆ ಹೇಳಿದ. ನಾನೂ ಹಾಗೇ ನಂಬುತ್ತೇನೆ. ಆದರೆ ಆ ಕಂಚುಕಿ ಕೇಳಿದ ಪ್ರಶ್ನೆ ಬಹಳ ಸರಿಯಾದದ್ದು: ಪ್ರವಾದಿ ಇದನ್ನು ಯಾರ ವಿಷಯದಲ್ಲಿ ಹೇಳುತ್ತಾನೆ, ತನ್ನ ವಿಷಯದಲ್ಲೋ ಬೇರೊಬ್ಬನ ವಿಷಯದಲ್ಲೋ? ಉತ್ತರ ಗೊತ್ತಿದ್ದರೂ ಆ ಪ್ರಶ್ನೆಯನ್ನು ನಾವು ಪ್ರಾಮಾಣಿಕವಾಗಿ ಕೇಳಬೇಕು.

ಸ್ವತಃ ಯೇಸು ಪ್ರವಾದಿಯನ್ನು ಓದಿದ ಒಂದು ದೃಶ್ಯ ಲೂಕ 4ರಲ್ಲಿದೆ. ನಜರೇತಿನ ಸಭಾಮಂದಿರ, ಯೆಶಾಯನ ಸುರುಳಿ. ಬಡವರಿಗೆ ಶುಭವರ್ತಮಾನ, ಸೆರೆಯವರಿಗೆ ಬಿಡುಗಡೆ. ಮೂಲದಲ್ಲಿ ಮುಂದೆ ಮುಯ್ಯಿ ತೀರಿಸುವ ದಿನದ ಮಾತಿದೆ. ಅದಕ್ಕೆ ಮೊದಲೇ ಸುರುಳಿ ಸುತ್ತಿ ಕೊಟ್ಟುಬಿಟ್ಟರು. ಇದು ಇಂದು ನೆರವೇರಿತು ಎಂದಾಗ ಊರವರು ಮೆಚ್ಚಿಕೊಂಡರು, ತಮಗೇ ಬಂದ ವಾಗ್ದಾನವೆಂದು. ಎಲೀಯನ ಕಾಲದಲ್ಲಿ ಇಸ್ರಾಯೇಲಿನಲ್ಲಿ ವಿಧವೆಯರು ಬಹಳ ಇದ್ದರೂ ಅವನನ್ನು ಕಳಿಸಿದ್ದು ಚಾರೆಪ್ತದ ಅನ್ಯ ವಿಧವೆಯ ಬಳಿಗೆ, ಎಲೀಷನ ಕಾಲದಲ್ಲಿ ಕುಷ್ಠ ವಾಸಿಯಾದದ್ದು ಸಿರಿಯದ ನಾಮಾನನಿಗೆ ಎಂದು ಹೇಳಿದ ಕ್ಷಣ, ಅದೇ ಜನ ಬೆಟ್ಟದಿಂದ ತಳ್ಳಲು ಎಳೆದುಕೊಂಡು ಹೋದರು. ವಚನ ನನಗೇ ಎಂದು ಮುಷ್ಟಿ ಬಿಗಿದವರು ಆ ದಿನ ಸಭಾಮಂದಿರದಲ್ಲಿದ್ದವರು. ಅವರೂ ಭಕ್ತರೇ.

ಕೆಲವು ಅಧ್ಯಾಯಗಳನ್ನು ಒಬ್ಬರೇ ಕೂತು ಓದಬೇಡಿ. ಯೆಹೆಜ್ಕೇಲ 16 ಮತ್ತು 23ರಲ್ಲಿ ಊರುಗಳನ್ನು ಹೆಂಗಸಾಗಿ ಚಿತ್ರಿಸಿ, ಅವಳ ಮೇಲಿನ ಹಿಂಸೆಯನ್ನು ಶಿಕ್ಷೆಯಾಗಿ ಹೇಳಿದೆ. ಮನೆಯಲ್ಲಿ ಹೊಡೆತ ತಿಂದ ಹೆಣ್ಣುಮಗಳೊಬ್ಬಳಿಗೆ ಅದು ಬೆಳಗಿನ ಧ್ಯಾನವಾಗಲಾರದು, ಆಗಲೂಬಾರದು. ತಿಳಿದವರ ಜೊತೆ, ಪ್ರಶ್ನೆ ಕೇಳಲು ಜಾಗವಿರುವ ಕಡೆ ಓದಿ. ನಹೂಮನನ್ನು ಯೋನನ ಜೊತೆ ಸೇರಿಸಿ ಓದಿ. ಇಬ್ಬರ ಎದುರಿಗಿರುವುದೂ ನಿನೆವೆ. ಒಬ್ಬ ಅದರ ಪತನಕ್ಕೆ ಹಾಡು ಕಟ್ಟಿದ, ಆ ಪತನ ಕ್ರಿ.ಪೂ. 612ರಲ್ಲಿ ಬಂತು. ಇನ್ನೊಂದು ಪುಸ್ತಕದಲ್ಲಿ ಅದೇ ಊರಿನ ಲಕ್ಷಕ್ಕೂ ಹೆಚ್ಚು ಜನರಿಗಾಗಿ, ಅವರ ದನಕರುಗಳಿಗಾಗಿ ಕೂಡ, ದೇವರು ಮರುಗುತ್ತಾರೆ. ಎರಡನ್ನೂ ಒಂದೇ ಗ್ರಂಥದಲ್ಲಿ ಇಟ್ಟವರು ನಮಗೆ ಒಂದನ್ನು ಆರಿಸಿಕೊಳ್ಳಲು ಬಿಟ್ಟಿಲ್ಲ.

ನಿಮಗೆ ನನ್ನ ಸಲಹೆ: ಯೆಶಾಯವನ್ನು ಸದ್ಯಕ್ಕೆ 12ಕ್ಕೆ ನಿಲ್ಲಿಸಿ. ಹಬಕ್ಕೂಕ ತೆಗೆಯಿರಿ. ಮೂರೇ ಅಧ್ಯಾಯ, 56 ವಚನ. ಎಷ್ಟರವರೆಗೆ ಮೊರೆಯಿಡಲಿ ಎಂಬ ದೂರಿನಿಂದ ಶುರುವಾಗುತ್ತದೆ. ಬಂದ ಉತ್ತರ ಇನ್ನೂ ಕೆಟ್ಟದ್ದು: ಕಸ್ದೀಯರನ್ನು, ಅಂದರೆ ಬಾಬೆಲಿನವರನ್ನು, ಎಬ್ಬಿಸುತ್ತೇನೆ. ಅವನು ಮತ್ತೆ ವಾದಿಸುತ್ತಾನೆ, ಕಾವಲು ಬುರುಜಿನ ಮೇಲೆ ನಿಂತು ಕಾಯುತ್ತಾನೆ. ತಡವಾದರೂ ಕಾದಿರು ಎಂಬ ಮಾತು ಬರುತ್ತದೆ. ಅಂಜೂರ ಚಿಗುರದಿದ್ದರೂ, ಹೊಲ ಬೆಳೆಯದಿದ್ದರೂ, ಕೊಟ್ಟಿಗೆಯಲ್ಲಿ ದನ ಇಲ್ಲದಿದ್ದರೂ ಯೆಹೋವನಲ್ಲಿ ಉಲ್ಲಾಸಿಸುವೆನು ಎಂಬ ಕೊನೆಯ ಹಾಡಿಗೆ ಅವನು ಬಂದ ದಾರಿ ಇದು. ಆ ಹಾಡನ್ನು ಮೊದಲೇ ಬಾಯಿಪಾಠ ಮಾಡಿದ್ದರೂ ಈ ಸಲ ದಾರಿಯಲ್ಲಿ ನಡೆದೇ ಹೋಗಿ. ಆಮೇಲೆ ಆಮೋಸ, ಹೋಶೇಯ. ನಂತರ ಯೆರೆಮೀಯ, ನಿಧಾನವಾಗಿ, ಅರಸುಗಳ ಎರಡನೇ ಪುಸ್ತಕದ ಕೊನೆಯ ಅಧ್ಯಾಯಗಳನ್ನು ಪಕ್ಕದಲ್ಲಿಟ್ಟುಕೊಂಡು. ಯೆರೂಸಲೇಮ್ ಸುಟ್ಟ ಕಥೆ ಮುಗಿದ ದಿನವೇ ಪ್ರಲಾಪಗಳು ಶುರು ಮಾಡಿ. ಅಲ್ಲಿಂದ ನೇರ ಯೆಶಾಯ 40. ನನ್ನ ಜನರನ್ನು ಸಂತೈಸಿ ಎಂಬ ಆ ಮೊದಲ ಸಾಲನ್ನು ಬೂದಿಯ ಮೇಲೆ ಕೂತವರ ಜೊತೆ ಕೂತು ಕೇಳಿದ ಮೇಲೆ, ದೇಶಗಳ ಮೇಲಿನ ದೈವೋಕ್ತಿಗಳಿಗೆ ಹಿಂದಿರುಗಬಹುದು. ಅಷ್ಟು ಹೊತ್ತಿಗೆ ಬಾಬೆಲ್, ಎದೋಮ್, ಮೋವಾಬ್ ಯಾರೆಂದು ನಿಮಗೆ ಗೊತ್ತಿರುತ್ತದೆ.

ಯೆಶಾಯದಿಂದ ಮಲಾಕಿಯದವರೆಗೆ ಪ್ರಲಾಪಗಳೂ ಸೇರಿ 250 ಅಧ್ಯಾಯ. ದಿನಕ್ಕೊಂದರಂತೆ ಎಂಟು ಒಂಬತ್ತು ತಿಂಗಳಲ್ಲಿ ಮುಗಿಸುವವರಿದ್ದಾರೆ. ನೀವು ಎರಡು ವರ್ಷ ತೆಗೆದುಕೊಳ್ಳಿ. ಸಾಧ್ಯವಾದರೆ ವಾರಕ್ಕೊಮ್ಮೆ ಇನ್ನೊಬ್ಬರ ಜೊತೆ ಕೂತು ಗಟ್ಟಿಯಾಗಿ ಓದಿ, ಯಾಕೆಂದರೆ ಈ ಮಾತುಗಳಲ್ಲಿ ಹೆಚ್ಚಿನವು ಗುಂಪಾಗಿ ನಿಂತ ಜನಕ್ಕೆ ಹೇಳಿದವು.